ಮನಃಶಾಸ್ತ್ರದ ಪದವಿ ಮತ್ತು ಮಾನ್ಯತೆಯ ಪ್ರಶ್ನೆ

ಮನಃಶಾಸ್ತ್ರ ಎಂಬ ಪದ ಇಂದು ಮಲೆನಾಡಿನ ಸಣ್ಣ ಪೇಟೆಗಳಿಗೂ ಹೊಸದಲ್ಲ. ಪಿಯುಸಿ ಮುಗಿಸಿದ ನಮ್ಮ ಹೆಣ್ಣುಮಕ್ಕಳು ಈ ವಿಷಯದತ್ತ ಆಸಕ್ತಿಯಿಂದ ನೋಡುತ್ತಿದ್ದಾರೆ. ಪರೀಕ್ಷೆಯ ಭಯ, ಮದ್ಯವ್ಯಸನ, ದಾಂಪತ್ಯದ ಬಿರುಕು, ಕಾಫಿ ಬೆಳೆ ಕೈಕೊಟ್ಟ ವರ್ಷದ ಸಾಲದ ಚಿಂತೆ ಇವೆಲ್ಲಕ್ಕೂ ಮನಸ್ಸಿನ ಆರೋಗ್ಯಕ್ಕೂ ಸಂಬಂಧವಿದೆ, ಇವುಗಳಿಗೂ ತಜ್ಞರ ನೆರವು ದೊರೆಯುತ್ತದೆ ಎಂಬ ತಿಳಿವಳಿಕೆ ಹರಡುತ್ತಿರುವುದು ಸ್ವಾಗತಾರ್ಹ. ಆದರೆ ಈ ತಿಳಿವಳಿಕೆಯ ಬೆನ್ನಿಗೇ ಏಳಬೇಕಾಗಿದ್ದ ಒಂದು ಪ್ರಶ್ನೆ ಮಾತ್ರ ನಮ್ಮಲ್ಲಿ ಏಳುತ್ತಿಲ್ಲ. ಆ ತಜ್ಞರನ್ನು ತಜ್ಞರೆಂದು ಒಪ್ಪಿದವರು ಯಾರು? ಅವರು ಕಲಿತ ವಿಶ್ವವಿದ್ಯಾಲಯ, ಕಾಲೇಜು, ತರಬೇತಿಗಳನ್ನು ಪರೀಕ್ಷಿಸಿ ಮುದ್ರೆಯೊತ್ತಿದವರು ಯಾರು?

ಶರೀರದ ವಿಷಯದಲ್ಲಿ ನಾವು ಇಷ್ಟು ಉದಾಸೀನರಲ್ಲ. ಎಂಬಿಬಿಎಸ್ ಓದದ ವ್ಯಕ್ತಿ ಶಸ್ತ್ರಚಿಕಿತ್ಸೆಗೆ ಇಳಿದರೆ ಊರೇ ಎದ್ದು ನಿಲ್ಲುತ್ತದೆ. ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸದವರಿಗೆ ನಾವು ವಕಾಲತ್ತು ಕೊಡುವುದಿಲ್ಲ. ಕಾಫಿ ಬೆಳೆಗಾರರ ಎಚ್ಚರವಂತೂ ಇನ್ನೂ ಹೆಚ್ಚಿನದು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದಲೂ ತಳಿಗಳನ್ನು ಪರೀಕ್ಷಿಸುತ್ತಾ ಬಂದಿದೆ. ಎಸ್.795 ಇರಲಿ, 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ಇರಲಿ, ಬೀಜ ಎಲ್ಲಿಂದ ಬಂತೆಂದು ಕೇಳದೆ ಯಾರೂ ಗಿಡ ನೆಡುವುದಿಲ್ಲ. ಏಕೆಂದರೆ ಬೀಜದ ದೋಷ ಬಯಲಾಗುವುದು ಮೂರು ನಾಲ್ಕು ವರ್ಷಗಳ ನಂತರ, ಫಸಲಿನ ಹೊತ್ತಿಗೆ. ಮನಸ್ಸಿನ ಚಿಕಿತ್ಸೆಯ ದೋಷವೂ ಹಾಗೆಯೇ. ಅದು ತಡವಾಗಿ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಸರಿಪಡಿಸಲಾಗದಷ್ಟು ತಡವಾಗಿ.

ಮೊದಲು ಹೆಸರುಗಳ ಗೊಂದಲವನ್ನು ನಿವಾರಿಸಿಕೊಳ್ಳೋಣ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ, ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ತರಬೇತಿ ಪಡೆದವರು. ಔಷಧಿ ಬರೆಯುವವರು ಅವರು. ಚಿಕಿತ್ಸಾ ಮನಃಶಾಸ್ತ್ರಜ್ಞರು ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅನಂತರ ಆಸ್ಪತ್ರೆಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳೊಂದಿಗೆ ಪಳಗಿದವರು. ಬುದ್ಧಿಶಕ್ತಿಯ ಮಾಪನ, ರೋಗದ ಗುರುತಿಸುವಿಕೆ, ಮಾತಿನ ಮೂಲಕ ನೀಡುವ ಚಿಕಿತ್ಸೆ ಅವರ ಕ್ಷೇತ್ರ. ಆಪ್ತಸಮಾಲೋಚಕರು ಇವರಿಬ್ಬರಿಗಿಂತ ಭಿನ್ನ. ಬಿ.ಎ.ಯಲ್ಲಿ ಮೂರು ವರ್ಷ ಮನಃಶಾಸ್ತ್ರವನ್ನು ಒಂದು ವಿಷಯವಾಗಿ ಓದಿದವರು ಈ ಯಾವ ಗುಂಪಿಗೂ ಸೇರುವುದಿಲ್ಲ. ಅವರು ಒಂದು ಶಾಸ್ತ್ರವನ್ನು ಓದಿದ ಪದವೀಧರರು, ಅಷ್ಟೆ. ಅರ್ಥಶಾಸ್ತ್ರ ಓದಿದವರೆಲ್ಲ ಬ್ಯಾಂಕ್ ತೆರೆಯಲಾಗದು. ಆದರೆ ಆರು ವಾರಗಳ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ಮನಸ್ಸಿನ ತಜ್ಞನೆಂದು ಫಲಕ ಬರೆಸಿದವರನ್ನು ಪ್ರಶ್ನಿಸುವ ಅಭ್ಯಾಸ ನಮಗಿನ್ನೂ ಆಗಿಲ್ಲ.

ಈ ಶಾಸ್ತ್ರದಲ್ಲಿ ಕರ್ನಾಟಕ ಹಿಂದುಳಿದ ನಾಡೇನೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಮುಂದೆ ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಹೆಸರಿನಲ್ಲಿ ಖಾಸಗಿ ಬಾನುಲಿ ಕೇಂದ್ರ ಸ್ಥಾಪಿಸಿದವರೂ ಅವರೇ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೂ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿತು. ಆ ಪ್ರಯೋಗವೇ 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿಯಾಯಿತು. ಇಂತಹ ಪರಂಪರೆಯಿರುವ ನಾಡಿನಲ್ಲಿ ಮೂಡಿಗೆರೆಯ ಒಬ್ಬ ತಾಯಿ ತನ್ನ ಮಗನನ್ನು ಯಾರ ಬಳಿ ಕರೆದೊಯ್ಯಬೇಕೆಂದು ತಿಳಿಯದೆ ಕಂಗಾಲಾಗಬೇಕಾಗಿರುವುದು ವಿಪರ್ಯಾಸವಲ್ಲದೆ ಇನ್ನೇನು?

ಇನ್ನು ಮಾನ್ಯತೆಯ ವಿಷಯ. ಇಲ್ಲಿ ಮೂರು ಬಗೆಯ ಮಾನ್ಯತೆಗಳಿವೆ. ಈ ಮೂರನ್ನೂ ಒಂದೇ ಎಂದು ಭಾವಿಸುವುದೇ ಪೋಷಕರು ಮೋಸಹೋಗಲು ಮುಖ್ಯ ಕಾರಣ. ಮೊದಲನೆಯದು ಯುಜಿಸಿಯ ಮಾನ್ಯತೆ. ಇದು ವಿಶ್ವವಿದ್ಯಾಲಯಕ್ಕೆ ಪದವಿ ನೀಡುವ ಅಧಿಕಾರವಿದೆ ಎಂದಷ್ಟೇ ಹೇಳುತ್ತದೆ. ಎರಡನೆಯದು 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿರುವ ನ್ಯಾಕ್ ನೀಡುವ ಶ್ರೇಣಿ. ಇದು ಇಡೀ ಸಂಸ್ಥೆಯ ಗುಣಮಟ್ಟದ ಅಳತೆ. ಕಾಲೇಜಿಗೆ ನ್ಯಾಕ್‌ನ 'ಎ' ಶ್ರೇಣಿ ದೊರೆತ ಮಾತ್ರಕ್ಕೆ ಅಲ್ಲಿ ಮನಃಶಾಸ್ತ್ರ ಓದಿದವರಿಗೆ ಚಿಕಿತ್ಸೆ ನೀಡುವ ಅರ್ಹತೆ ಬರುವುದಿಲ್ಲ. ಮೂರನೆಯದು ವೃತ್ತಿ ಶಿಕ್ಷಣದ ಮಾನ್ಯತೆ. ಚಿಕಿತ್ಸಾ ಮನಃಶಾಸ್ತ್ರದ ಮಟ್ಟಿಗೆ ಇದನ್ನು ನೀಡುವ ಅಧಿಕಾರ 1992ರ ಕಾಯಿದೆಯಂತೆ ರಚಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನದ್ದು. ಪರಿಷತ್ತು ನೋಡುವುದು ಕಟ್ಟಡವನ್ನಲ್ಲ. ಬೋಧಕರ ಅರ್ಹತೆಯೇನು, ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಷ್ಟು ಬೋಧಕರಿದ್ದಾರೆಯೇ, ಕಲಿಯಲು ರೋಗಿಗಳಿರುವ ಆಸ್ಪತ್ರೆಯ ಸಂಪರ್ಕವಿದೆಯೇ ಎಂಬುದನ್ನು ನೋಡುತ್ತದೆ. ಮಾನ್ಯತೆಯೂ ನಿಗದಿತ ಅವಧಿಗೆ, ನಿಗದಿತ ಸೀಟುಗಳಿಗೆ ಮಾತ್ರ. ಅಲ್ಲಿ ತೇರ್ಗಡೆಯಾದವರ ಹೆಸರು ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ದಾಖಲಾಗುತ್ತದೆ. ನೋಂದಣಿಯಿಲ್ಲದೆ ಈ ವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಪರಿಷತ್ತು ಮಾನ್ಯ ಮಾಡಿದ ಅರ್ಹತೆಯುಳ್ಳವರೇ ಚಿಕಿತ್ಸಾ ಮನಃಶಾಸ್ತ್ರಜ್ಞರು ಎಂದು ಅದು ವ್ಯಾಖ್ಯಾನಿಸುತ್ತದೆ. ಎರಡು ವರ್ಷಗಳ ಪೂರ್ಣಾವಧಿಯ, ಮೇಲ್ವಿಚಾರಣೆಯ ಚಿಕಿತ್ಸಾ ತರಬೇತಿಯನ್ನು ಒಳಗೊಂಡ ಎಂ.ಫಿಲ್. ಪದವಿಯನ್ನು ಅದು ಹೆಸರಿಸಿಯೇ ಹೇಳಿತು. ಉಳಿದ ಮನಃಶಾಸ್ತ್ರಜ್ಞರು ಮತ್ತು ಸಮಾಲೋಚಕರು ಬಹುಕಾಲ ಯಾವ ಕಾನೂನಿನ ನೆರಳಿಗೂ ಬಂದಿರಲಿಲ್ಲ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಂಯೋಜಿತ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಅವರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅದರಂತೆ ಆರೋಗ್ಯ ರಕ್ಷಣಾ ವೃತ್ತಿಪರರೆನಿಸಲು ಮೂರರಿಂದ ಆರು ವರ್ಷಗಳ ಅವಧಿಯಲ್ಲಿ ಕನಿಷ್ಠ 3,600 ಗಂಟೆಗಳ ಶಿಕ್ಷಣ ಬೇಕು. ಆರು ವಾರಗಳ ಪ್ರಮಾಣಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸಾಕು, ಹೆಚ್ಚಿನ ವಿವರಣೆ ಬೇಕಾಗದು.

ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ಅದರ ಅನುಷ್ಠಾನದ ಗೊಂದಲಕ್ಕೆ ಬೆಲೆ ತೆತ್ತವರು ವಿದ್ಯಾರ್ಥಿಗಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನು ಕೈಬಿಡುವುದಾಗಿ ಘೋಷಿಸಿತು. 2022ರ ನವೆಂಬರ್‌ನಲ್ಲಿ ಯುಜಿಸಿ ಅದನ್ನು ನಿಯಮವಾಗಿಸಿತು. ಒಂದು ಕಾಯಿದೆ ಯಾವ ಪದವಿಯನ್ನು ಅರ್ಹತೆಯೆಂದು ಹೆಸರಿಸಿತ್ತೋ ಆ ಪದವಿಯನ್ನೇ ಇನ್ನೊಂದು ಸಂಸ್ಥೆ ರದ್ದುಪಡಿಸಿತು. ತಪ್ಪಿನ ಅರಿವಾದದ್ದು ಅನಂತರ. 2024ರ ಜನವರಿಯಲ್ಲಿ ಚಿಕಿತ್ಸಾ ಮನಃಶಾಸ್ತ್ರ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್.ಗಳಿಗೆ ಮಾತ್ರ 2025-26ರ ಶೈಕ್ಷಣಿಕ ವರ್ಷದವರೆಗೆ ಅವಧಿ ವಿಸ್ತರಿಸಲಾಯಿತು. ಇದರ ನಡುವೆ ಪರಿಷತ್ತು ಚಿಕಿತ್ಸಾ ಮನಃಶಾಸ್ತ್ರದಲ್ಲಿ ನಾಲ್ಕು ವರ್ಷಗಳ ಬಿ.ಎಸ್ಸಿ. ಆನರ್ಸ್, ಎರಡು ವರ್ಷಗಳ ಎಂ.ಎ. ಮುಂತಾದ ಹೊಸ ಪಠ್ಯಕ್ರಮಗಳನ್ನು ರೂಪಿಸಿತು. 2025ರಲ್ಲಿ ಯುಜಿಸಿ ಇನ್ನೊಂದು ಆದೇಶ ಹೊರಡಿಸಿ, ಆ ವರ್ಷದ ಜುಲೈ-ಆಗಸ್ಟ್ ಪ್ರವೇಶದಿಂದಲೇ ಮನಃಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಬೋಧಿಸುವುದನ್ನು ನಿಲ್ಲಿಸಿತು.

ಈ ಕೊನೆಯ ಆದೇಶವನ್ನು ನಾವು ತಾತ್ವಿಕವಾಗಿ ಸಮರ್ಥಿಸುತ್ತೇವೆ. ರೋಗಿಯ ಮುಖವನ್ನೇ ನೋಡದೆ ಅಂಚೆಯಲ್ಲಿ ಬಂದ ಪುಸ್ತಕ ಓದಿ ಮನಸ್ಸಿನ ಚಿಕಿತ್ಸೆ ಕಲಿಯಲಾಗದು. ಆದರೆ ಬೆಟ್ಟದ ಮೇಲಿನಿಂದ ನೋಡಿದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಕಳಸದ ಒಬ್ಬಳು ಹುಡುಗಿಗೆ, ಮನೆ ಬಿಟ್ಟು ಹಾಸ್ಟೆಲಿನಲ್ಲಿರಲು ಅನುಮತಿಯೋ ಹಣವೋ ಇಲ್ಲದವಳಿಗೆ, ತೆರೆದಿದ್ದ ಬಾಗಿಲು ದೂರಶಿಕ್ಷಣವೊಂದೇ. ಆ ಬಾಗಿಲು ಮುಚ್ಚಿತು. ಮುಚ್ಚಿದವರು ಹತ್ತಿರದಲ್ಲಿ ಇನ್ನೊಂದು ಬಾಗಿಲು ತೆರೆಯಬೇಕಾಗಿತ್ತು. ಮಾನ್ಯತೆ ಪಡೆದ ತರಬೇತಿಗೆ ನಮ್ಮ ಮಕ್ಕಳು ಹೋಗಬೇಕಾದ ನಿಮ್ಹಾನ್ಸ್, ಧಾರವಾಡ, ಮಣಿಪಾಲಗಳಂತಹ ಕೇಂದ್ರಗಳಲ್ಲಿ ಸೀಟುಗಳು ಬೆರಳೆಣಿಕೆಯವು. ಅವುಗಳಿಗೆ ಸ್ಪರ್ಧಿಸುವವರು ಇಡೀ ದೇಶದವರು. ಖಾಸಗಿ ಸಂಸ್ಥೆಗಳ ಶುಲ್ಕವಂತೂ ಕೂಲಿಕಾರನ ಮಗಳ ಕನಸಿಗೂ ನಿಲುಕದು.

ಅಗತ್ಯದ ಪ್ರಮಾಣವೆಷ್ಟು? 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಕಾಯಿಲೆಗೆ ಅನುಗುಣವಾಗಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಲೆಹಾಕಿದ ಅಂಕಿ ಅಂಶದಂತೆ ಭಾರತದಲ್ಲಿ ಒಂದು ಲಕ್ಷ ಜನರಿಗೆ ಸುಮಾರು 0.3 ಮನೋವೈದ್ಯರು, 0.07 ಮನಃಶಾಸ್ತ್ರಜ್ಞರು ಇದ್ದರು. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11.37 ಲಕ್ಷ. ದೇಶದ ಸರಾಸರಿಯಿಂದ ಲೆಕ್ಕ ಹಾಕಿದರೆ ಇಡೀ ಜಿಲ್ಲೆಯ ಪಾಲಿಗೆ ಒಬ್ಬ ಮನಃಶಾಸ್ತ್ರಜ್ಞನೂ ಪೂರ್ತಿಯಾಗಿ ದಕ್ಕುವುದಿಲ್ಲ. ತಜ್ಞರು ದೊಡ್ಡ ನಗರಗಳಲ್ಲೇ ನೆಲೆಸುವುದರಿಂದ ಬೆಟ್ಟದ ಪಾಲಿಗೆ ಉಳಿಯುವುದು ಇನ್ನೂ ಕಡಿಮೆ.

ಆ ಪಾಲು ಸಾಲದ ಭೂಮಿ ಇದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿ ಮುಂತಾದೆಡೆ ಗುಡ್ಡ ಜಾರಿ ಮನೆ-ತೋಟಗಳು ಕೊಚ್ಚಿಹೋದವು. ಕಳೆದುಹೋದ ಜಮೀನಿನ ಸರ್ವೆ ಮಾಡಲು ಅಧಿಕಾರಿಗಳು ಬರುತ್ತಾರೆ. ಮಳೆಯ ಸದ್ದು ಕೇಳಿದರೆ ಇಂದಿಗೂ ಬೆಚ್ಚಿಬೀಳುವವರ ಮನಸ್ಸಿನ ಸರ್ವೆ ಮಾಡುವವರು ಯಾರು? ಎಸ್ಟೇಟಿನ ಲೈನು ಮನೆಗಳಲ್ಲಿ ತಮಿಳು, ತುಳು, ಬ್ಯಾರಿ, ಮಲಯಾಳಂ, ಉರ್ದು ಮಾತನಾಡುವವರೊಂದಿಗೆ ಈಗ ಅಸ್ಸಾಮ್, ಬಂಗಾಳ, ಜಾರ್ಖಂಡ್‌ಗಳ ಕಾರ್ಮಿಕರೂ ಇದ್ದಾರೆ. ಮನಸ್ಸಿನ ಚಿಕಿತ್ಸೆಯ ಸಾಧನ ಭಾಷೆಯೇ. ತನ್ನ ನೋವನ್ನು ತನ್ನ ಮಾತಿನಲ್ಲಿ ಹೇಳಲಾಗದವನಿಗೆ ಯಾವ ತಜ್ಞನಿಂದಲೂ ಪ್ರಯೋಜನವಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416 ಸಂಖ್ಯೆಗೆ ಕರೆ ಮಾಡಿದರೆ ದೊರೆಯುತ್ತದೆ. ಒಳ್ಳೆಯ ಯೋಜನೆ, ಎಲ್ಲರೂ ತಿಳಿದಿರಬೇಕಾದ ಸಂಖ್ಯೆ. ಆದರೆ ನೆಟ್‌ವರ್ಕ್ ಸಿಗದ ಕಣಿವೆಗಳಿಗೆ ದೂರವಾಣಿಯೊಂದೇ ಉತ್ತರವಾಗದು.

ತಜ್ಞರಿಲ್ಲದ ಜಾಗ ಖಾಲಿ ಉಳಿಯುವುದಿಲ್ಲ. ಅಲ್ಲಿ ಮಂತ್ರವಾದಿ ಬಂದು ಕೂರುತ್ತಾನೆ. ಎಲ್ಲ ಧರ್ಮಗಳ ಜನರಲ್ಲೂ ಈ ಪಿಡುಗಿದೆ. ನಮ್ಮ ಸಮುದಾಯ ತನ್ನ ಪಾಲಿನ ಮಾತನ್ನು ತಾನೇ ಆಡಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿ ನಡೆಯುತ್ತಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಮಾನಸಿಕ ಅಸ್ವಸ್ಥರು ಓಡಲಾಗದೆ ಬೆಂದುಹೋದರು. ಸುಪ್ರೀಮ್ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. 2017ರ ಕಾಯಿದೆ ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿತು. ಆ 28 ಮಂದಿಯನ್ನು ಅಲ್ಲಿಗೆ ಕರೆತಂದವರು ಶತ್ರುಗಳಲ್ಲ, ಸ್ವಂತ ಮನೆಯವರು. ಹೋಗಲು ಬೇರೆ ಜಾಗ ಅವರಿಗೆ ಗೊತ್ತಿರಲಿಲ್ಲ ಅಥವಾ ನಿಲುಕುತ್ತಿರಲಿಲ್ಲ.

ವಿಚಿತ್ರವೆಂದರೆ, ಚಿಕಿತ್ಸಕರನ್ನು ಪರೀಕ್ಷಿಸಿ ಪರವಾನಗಿ ನೀಡುವ ಕ್ರಮ ನಮ್ಮ ಇತಿಹಾಸಕ್ಕೆ ಅಪರಿಚಿತವಲ್ಲ. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತ ಸುದ್ದಿ ಖಲೀಫ ಅಲ್ ಮುಕ್ತದಿರ್‌ಗೆ ತಲುಪಿತು. ಸಿನಾನ್ ಇಬ್ನ್ ಸಾಬಿತ್‌ರಿಂದ ಪರೀಕ್ಷೆಗೊಳಗಾಗದ ಯಾರೂ ವೈದ್ಯವೃತ್ತಿ ನಡೆಸಕೂಡದೆಂದು ಆತ ಆಜ್ಞಾಪಿಸಿದ. ಆ ನಗರವೊಂದರಲ್ಲೇ 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಒಳಗಾದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಓದುಬರಹ ಬಾರದ ಒಬ್ಬ ವೃದ್ಧ ಚಿಕಿತ್ಸಕ ತನ್ನ ಸಂಸಾರದ ಅನ್ನಕ್ಕೆ ಕಲ್ಲು ಹಾಕಬೇಡಿರೆಂದು ಬೇಡಿಕೊಂಡಾಗ, ತನಗೆ ತಿಳಿಯದ ರೋಗಕ್ಕೆ ಕೈಹಾಕಕೂಡದು, ಸಾಮಾನ್ಯ ತೊಂದರೆಗಳ ಗಡಿ ದಾಟಕೂಡದು ಎಂಬ ಷರತ್ತಿನ ಮೇಲೆ ಸಿನಾನ್ ಆತನಿಗೆ ಅನುಮತಿ ನೀಡಿದರಂತೆ. ವೈದ್ಯವನ್ನು ಕಲಿಯದೆ ವೈದ್ಯಕ್ಕಿಳಿದವನು ಆಗುವ ಹಾನಿಗೆ ಹೊಣೆಗಾರನೆಂಬ ತೀರ್ಮಾನವನ್ನು ಫಿಕ್ಹ್ ವಿದ್ವಾಂಸರು ಪ್ರವಾದಿವರ್ಯರ(ಸ) ವಚನದ ಆಧಾರದಲ್ಲೇ ಕೈಗೊಂಡರು. ಇಂದಿಗೂ ಮದ್ರಸಗಳಲ್ಲಿ ಸನದು ದೊರೆಯುವುದು ಗ್ರಂಥವನ್ನು ಗುರುವಿನ ಎದುರು ಕುಳಿತು ಓದಿದವನಿಗೇ ಹೊರತು ಅಂಗಡಿಯಿಂದ ಕೊಂಡು ತಂದು ಓದಿದವನಿಗಲ್ಲ. ಅಕ್ಷರದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ನಾವು ಮನಸ್ಸಿನ ವಿಷಯದಲ್ಲಿ ತಾಯಿತ ಕಟ್ಟುವವನಿಗೂ ಫಲಕ ಹಾಕಿದವನಿಗೂ ಸಮಾನವಾಗಿ ತಲೆಬಾಗುವುದು ಯಾವ ನ್ಯಾಯ?

ಮಾನ್ಯತೆಯ ನಿಯಮಗಳನ್ನು ಬಿಗಿಗೊಳಿಸಿದರೆ ಬೆಟ್ಟದ ಜನರಿಗೆ ಈಗಿರುವ ಅಷ್ಟಿಷ್ಟು ನೆರವೂ ತಪ್ಪಿಹೋಗುತ್ತದೆ ಎಂದು ವಾದಿಸುವವರಿದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಾಲೆಯಲ್ಲಿ ಮಕ್ಕಳ ಅಳಲು ಕೇಳುವ ಶಿಕ್ಷಕಿ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಜಗಳ ಬಿಡಿಸುವ ಜಮಾಅತಿನ ಹಿರಿಯರು ಇವರೆಲ್ಲರ ಸೇವೆ ಬೇಕು. ಬಳ್ಳಾರಿಯ ಪ್ರಯೋಗ ಕಲಿಸಿದ್ದೂ ಇದನ್ನೇ. ಆದರೆ ಅವರ ಕೆಲಸಕ್ಕೊಂದು ಗಡಿಯಿತ್ತು, ಗಡಿಯಾಚೆಗಿನ ರೋಗಿಯನ್ನು ಕಳುಹಿಸಲು ಮೇಲೊಬ್ಬ ತಜ್ಞನಿದ್ದ. ಸಿನಾನ್ ವೃದ್ಧನಿಗೆ ಹಾಕಿದ ಷರತ್ತೂ ಗಡಿಯದ್ದೇ. ಮಾನ್ಯತೆಯೆಂದರೆ ಎಲ್ಲರನ್ನೂ ಹೊರಗಟ್ಟುವ ಗೋಡೆಯಲ್ಲ, ಯಾರು ಎಲ್ಲಿಯವರೆಗೆ ಹೋಗಬಹುದೆಂದು ಗುರುತಿಸುವ ಬೇಲಿ. ಬೇಲಿಯಿಲ್ಲದ ತೋಟದಲ್ಲಿ ಬೆಳೆಯುವುದೇನೆಂದು ಮಲೆನಾಡಿಗರಿಗೆ ಹೇಳಿಕೊಡಬೇಕಾಗಿಲ್ಲ.

ಬೇಲಿ ಹಾಕಿದ ಸರ್ಕಾರ ಒಳಗೆ ಗಿಡವನ್ನೂ ನೆಡಬೇಕು ಎಂಬುದೇ ನಮ್ಮ ಆಗ್ರಹ. ಜಿಲ್ಲೆಯ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಚಿಕ್ಕಮಗಳೂರು, ಶಿವಮೊಗ್ಗ, ಹಾಸನ ಮೂರೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ವಿಶ್ವವಿದ್ಯಾಲಯದ ಪಾಠ ಮತ್ತು ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗ ಎರಡನ್ನೂ ಜೋಡಿಸಿ, ಬೇಕಾದ ಬೋಧಕರನ್ನು ನೇಮಿಸಿ, ಪರಿಷತ್ತಿನ ಮಾನ್ಯತೆ ಪಡೆದ ಸರ್ಕಾರಿ ಸೀಟುಗಳನ್ನು ಮಲೆನಾಡಿನಲ್ಲೇ ಸೃಷ್ಟಿಸಲು ಅಸಾಧ್ಯವಾದುದೇನಿದೆ? ಆ ಸೀಟುಗಳಲ್ಲಿ ಕಲಿತವರು ಕೆಲವು ವರ್ಷ ಮೂಡಿಗೆರೆ, ಕೊಪ್ಪ, ಕಳಸಗಳಂತಹ ತಾಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸುವ ಷರತ್ತಿರಲಿ. ಕೂಲಿಕಾರರ, ಸಣ್ಣ ಬೆಳೆಗಾರರ ಮಕ್ಕಳಿಗೆ ವಿದ್ಯಾರ್ಥಿವೇತನವಿರಲಿ. ಇದು ಯಾಚನೆಯಲ್ಲ. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ತಜ್ಞರನ್ನು ಅಂತಾರಾಷ್ಟ್ರೀಯ ಮಟ್ಟದ ಮಾನದಂಡದಂತೆ ಹತ್ತು ವರ್ಷಗಳೊಳಗೆ ಒದಗಿಸಲು ಸರ್ಕಾರಗಳು ಪ್ರಯತ್ನಿಸಬೇಕೆಂದು 2017ರ ಕಾಯಿದೆಯೇ ಹೇಳುತ್ತದೆ. ಕಾಯಿದೆ ಜಾರಿಗೆ ಬಂದದ್ದು 2018ರಲ್ಲಿ. ಗಡುವು 2028ಕ್ಕೆ ಮುಗಿಯುತ್ತದೆ. ನಮ್ಮ ಶಾಸಕರು, ಸಂಸದರಿಗೆ ಮತದಾರರು ಈ ಲೆಕ್ಕವನ್ನು ನೆನಪಿಸಬೇಕು.

ಸಮುದಾಯದ ಸಂಘಟನೆಗಳಿಗೂ ಕೆಲಸವಿದೆ. ಮಗಳನ್ನು ಮನಃಶಾಸ್ತ್ರಕ್ಕೆ ಸೇರಿಸುವ ತಂದೆ ಶುಲ್ಕ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಲಿ. ಈ ಪದವಿಯಿಂದ ಮುಂದೆ ನೋಂದಣಿ ದೊರೆಯುತ್ತದೆಯೇ? ಇದು ವೃತ್ತಿಯ ಪದವಿಯಾದರೆ ಪರಿಷತ್ತಿನ ಅಥವಾ ಆಯೋಗದ ಮಾನ್ಯತೆ ಈ ವರ್ಷ ಚಾಲ್ತಿಯಲ್ಲಿದೆಯೇ? ತರಬೇತಿ ಯಾವ ಆಸ್ಪತ್ರೆಯಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ? ರೋಗಿಯನ್ನು ಕರೆದೊಯ್ಯುವವರು ಕೇಳಬೇಕಾದದ್ದು ಒಂದೇ, ನಿಮ್ಮ ನೋಂದಣಿ ಸಂಖ್ಯೆ ಯಾವುದು? ಅರ್ಹರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡವರ ಬಳಿ ಮನಸ್ಸನ್ನು ಬಿಚ್ಚಿಡುವ ಅಗತ್ಯವೂ ಇಲ್ಲ. ಜುಮಾ ಖುತ್ಬಾಗಳಲ್ಲಿ ಈ ವಿಷಯ ಪ್ರಸ್ತಾಪವಾಗಲಿ. ವರ್ಷಕ್ಕೊಬ್ಬ ಪ್ರತಿಭಾವಂತ ವಿದ್ಯಾರ್ಥಿನಿಯ ತರಬೇತಿಯ ಖರ್ಚನ್ನು ಬೆಟ್ಟದ ಜಮಾಅತ್‌ಗಳು ಒಟ್ಟಾಗಿ ಹೊತ್ತರೆ, ಹತ್ತು ವರ್ಷಗಳಲ್ಲಿ ನಮ್ಮ ಭಾಷೆಗಳನ್ನು ಬಲ್ಲ ಹತ್ತು ಮಂದಿ ಚಿಕಿತ್ಸಕಿಯರು ಎಲ್ಲ ಸಮುದಾಯಗಳ ಸೇವೆಗೆ ದೊರೆಯುತ್ತಾರೆ.

ಕೊಲ್ಲುವುದು ಬೆಂಕಿಯೊಂದೇ ಅಲ್ಲ. ಅರ್ಹತೆಯಿಲ್ಲದ ಕೈಗಳಿಗೆ ಸಿಕ್ಕ ಮನಸ್ಸು ಸದ್ದಿಲ್ಲದೆ ಕುಸಿಯುತ್ತದೆ. ಆ ಕುಸಿತಕ್ಕೆ ಪಂಚನಾಮೆಯಿಲ್ಲ, ಪರಿಹಾರಧನವಿಲ್ಲ. ಅದನ್ನು ತಡೆಯಲು ಕಾನೂನು ಈಗ ನಮ್ಮ ಕೈಯಲ್ಲಿದೆ. ಕಾನೂನಿನ ಬೆನ್ನಿಗೆ ನಿಲ್ಲಬೇಕಾದ ತರಬೇತಿ ಕೇಂದ್ರವನ್ನು ಬೆಟ್ಟಕ್ಕೆ ತರಿಸಿಕೊಳ್ಳುವವರೆಗೆ ನಾವು ಸುಮ್ಮನಿರಬಾರದು.